ಹತ್ತೊಂಬತ್ತು ಪುಟದ ಹಡಗು

ಮೂವತ್ತೆಂಟು ಕೈಗಳು ಮೇಲೆದ್ದವು. ಅನ್ಸೆಲ್ಮೊ ಎರಡು ಸಲ ಎಣಿಸಿದ. ಎರಡನೆಯ ಸಲವೂ ಮೂವತ್ತೆಂಟೇ.

"ಹಡಗನ್ನ ಮಾರಿಬಿಡೋಣ ಅನ್ನೋರು ಇಷ್ಟು ಜನ," ಎಂದ. "ಸರಿ, ಇಳಿಸಿ."

ಕೈಗಳು ಇಳಿದವು. ಬೆಳಗಿನ ಎಂಟೂಕಾಲು. ಮಕಾತಿ ನಗರದ ಒಂದು ಮ್ಯಾನೇಜ್‌ಮೆಂಟ್ ಶಾಲೆಯ ನಾಲ್ಕನೆಯ ಮಹಡಿಯಲ್ಲಿ, ಕುದುರೆ ಲಾಳದ ಹಾಗೆ ಬಾಗಿದ ಮೆಟ್ಟಿಲುಸಾಲುಗಳಲ್ಲಿ ಕೂತ ನಲವತ್ತು ಎಂಬಿಎ ವಿದ್ಯಾರ್ಥಿಗಳಲ್ಲಿ ಮೂವತ್ತೆಂಟು ಮಂದಿ ನಿದ್ದೆಗಣ್ಣಿನಲ್ಲೇ ಒಂದು ಕಂಪನಿಯ ಕುತ್ತಿಗೆ ಕೊಯ್ದಿದ್ದರು. ಪಾಠಕ್ಕೆ ಮೊದಲೇ ಓಟು ಹಾಕಿಸುವುದು ಅನ್ಸೆಲ್ಮೊನ ಇಪ್ಪತ್ತೆರಡು ವರ್ಷದ ಪದ್ಧತಿ. ಮೊದಲು ತೀರ್ಪು, ಆಮೇಲೆ ಕಾರಣ. ಲೋಕ ನಡೆಯುವುದೇ ಹಾಗೆ ಎಂದು ಪ್ರತಿ ವರ್ಷ ಹೇಳಿ ನಗಿಸುತ್ತಿದ್ದ. ಇವತ್ತು ಹೇಳಲಿಲ್ಲ.

ಈ ಶಾಲೆಯಲ್ಲಿ ಪಾಠವೆಂದರೆ ಕೇಸು. ಯಾವುದೋ ಕಂಪನಿಯ ಕಷ್ಟದ ಕತೆಯನ್ನು ಬರೆದು ಕೈಗೆ ಕೊಟ್ಟು, ನೀನು ಮಾಲೀಕನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳುವುದು. ಇವತ್ತಿನ ಕೇಸು ಹತ್ತೊಂಬತ್ತು ಪುಟ. ಒಂದು ಕಂಪನಿ, ಅದಕ್ಕೆ ಒಂದೇ ಒಂದು ಹಳೆಯ ದೊಡ್ಡ ಹಡಗು, ಎರಡು ದಿನದ ಪ್ರಯಾಣ. ಒಂದು ಕಾಲಕ್ಕೆ ಜನ ಸಾಲುಗಟ್ಟಿ ಹತ್ತುತ್ತಿದ್ದರು. ಈಗ ಅರ್ಧ ಹಾಸಿಗೆ ಖಾಲಿ. ಹಡಗನ್ನು ಮಾರಿ ವೇಗದ ಸಣ್ಣ ದೋಣಿಗಳನ್ನು ಕೊಳ್ಳಬೇಕೆಂದು ಮಾಲೀಕರ ಯೋಚನೆ.

ಅಂಥ ಕಂಪನಿ ಎಲ್ಲೂ ಇರಲಿಲ್ಲ. ಎರಡು ದಿನವೆಂದರೆ ಎರಡು ವರ್ಷ. ಹಡಗೆಂದರೆ ಈ ಎಂಬಿಎ. ನಾವಿಕರೆಂದರೆ ಅನ್ಸೆಲ್ಮೊ ಮತ್ತು ಅವನಂಥ ಹನ್ನೊಂದು ಮೇಷ್ಟ್ರುಗಳು. ಸಣ್ಣ ದೋಣಿ ಎಂದರೆ ಆರು ವಾರ ಫೋನಿನಲ್ಲಿ ನೋಡಿ ಗಿಟ್ಟಿಸುವ ಸರ್ಟಿಫಿಕೇಟು. ಯಾವುದಾದರೂ ಕಂಪನಿ ತನ್ನ ಗುಟ್ಟು ಬಯಲಾಗಲು ಒಪ್ಪದಿದ್ದರೆ ಹೆಸರು, ಊರು, ಅಂಕಿಗಳನ್ನು ಬದಲಿಸಿ ವೇಷ ಕಟ್ಟುವುದು ಕೇಸು ಬರೆಯುವವರ ರಿವಾಜು. ಅನ್ಸೆಲ್ಮೊ ಮೂರು ವಾರ ಕೂತು ಶಾಲೆಗೇ ವೇಷ ಕಟ್ಟಿದ್ದ.

ಮಧ್ಯಾಹ್ನ ಮೂರಕ್ಕೆ ಐವರ ಸಮಿತಿ ಸೇರುವುದಿತ್ತು. ಎಂಬಿಎ ಮುಚ್ಚಬೇಕೆಂದು ಇಬ್ಬರು ಸಹಿ ಹಾಕಿದ್ದರು, ಇಬ್ಬರು ಹಾಕಿರಲಿಲ್ಲ. ಐದನೆಯವನು ಅವನು. ಅವನು ಸಹಿ ಹಾಕಿದರೆ ಮುಂದಿನ ವರ್ಷದಿಂದ ಈ ಸಾಲುಗಳಲ್ಲಿ ಯಾರೂ ಕೂರುವುದಿಲ್ಲ. ಹಾಕಬಾರದು ಎಂದು ಹೊಟ್ಟೆಯೊಳಗೆ ಏನೋ ಹೇಳುತ್ತಿತ್ತು. ಯಾಕೆ ಹಾಕಬಾರದು ಎಂದು ಕೇಳಿದರೆ ಅದು ಸುಮ್ಮನಾಗುತ್ತಿತ್ತು. ನಲವತ್ತರಲ್ಲಿ ಒಬ್ಬರಾದರೂ ಒಂದು ಕಾರಣ ಹೇಳಿಯಾರು, ಅದನ್ನು ಜೇಬಿಗೆ ಹಾಕಿಕೊಂಡು ಮೂರು ಗಂಟೆಗೆ ಹೋದರಾಯಿತು ಎಂದುಕೊಂಡಿದ್ದ.

"ಕಾರಣ ಹೇಳಿ," ಎಂದ.

ಕ್ರಿಸ್ಪಿನ್ ಗಟ್ಮಾಯ್ತಾನ್ ಆಗಲೇ ಬಾಯಿ ತೆರೆದಿದ್ದ. ಐದು ನಿಮಿಷ ಮಾತಾಡದೆ ಕೂತರೆ ಜ್ವರ ಬರುವ ಪೈಕಿ ಅವನು. ನೂರಕ್ಕೆ ಮೂವತ್ತು ಅಂಕ ಮಾತಿಗೇ ಮೀಸಲು. ಹಿಂದಿನ ಸಾಲಿನಲ್ಲಿ ಲೂರ್ದೆಸ್ ಎಂಬ ಸಹಾಯಕಿ ಕೂತು, ಯಾರು ಮಾತಾಡಿದರೋ ಅವರ ಹೆಸರಿನ ಮುಂದೆ ಗುರುತು ಹಾಕುತ್ತಾಳೆ.

"ಆ ಹಡಗಿಗೆ ಈಗ ಉಳಿದಿರೋ ಬೆಲೆ ಅದರ ಕಬ್ಬಿಣ ಒಂದೇ ಸರ್. ಗುಜರಿಗೆ ಹಾಕೋದು."

"ಪ್ರಯಾಣಿಕರು?"

"ದೋಣೀಲಿ ಹೋಗ್ತಾರೆ."

"ಎರಡು ದಿನ ಒಟ್ಟಿಗೆ ಇರ್ತಿದ್ರು. ಒಟ್ಟಿಗೆ ಉಣ್ತಿದ್ರು, ಜಗಳ ಆಡ್ತಿದ್ರು. ಅದಕ್ಕೇನೂ ಬೆಲೆ ಇಲ್ವಾ?"

"ಇದ್ದಿದ್ರೆ ಟಿಕೆಟ್ ರೇಟಲ್ಲಿ ಕಾಣಿಸ್ಬೇಕಿತ್ತಲ್ಲ ಸರ್."

ನಗು ಎದ್ದಿತು. ಅದು ಅನ್ಸೆಲ್ಮೊನದೇ ಮಾತು. ಎರಡು ತಿಂಗಳ ಹಿಂದೆ ಒಂದು ಬೇಕರಿಯ ಕೇಸಿನಲ್ಲಿ, ಬ್ರೆಡ್ಡಿನ ರೇಟಿನ ಬಗ್ಗೆ, ಇದೇ ಜಾಗದಲ್ಲಿ ನಿಂತು, ಇದೇ ಧಾಟಿಯಲ್ಲಿ ಹೇಳಿದ್ದ. ಗುರುವಿಗೇ ತಿರುಮಂತ್ರ.

"ನಾವಿಕರನ್ನ ಏನು ಮಾಡ್ತೀರಿ?"

"ಹಳಬರಿಗೆ ಒಂದು ಊಟ ಹಾಕಿಸಿ, ಒಂದು ಗಡಿಯಾರ ಕೊಟ್ಟು ಕಳ್ಸೋದು," ಎಂದ ಒಬ್ಬ.

"ಗಡಿಯಾರ ಯಾಕೆ ದಂಡ," ಎಂದಳು ಪಕ್ಕದವಳು. "ಅವರಿಗಿನ್ನು ಎಲ್ಲಿಗೂ ಹೊತ್ತಾಗಲ್ಲ."

ಈ ಸಲದ ನಗು ಇನ್ನೂ ದೊಡ್ಡದು. ಲೂರ್ದೆಸ್ ಕೂಡ ನಗುತ್ತಲೇ ಗುರುತು ಹಾಕಿದಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರೆ. ಇವರು ದಾಟುವ ತನಕವೂ ಕಾಯುವವರಲ್ಲ, ನಡುನೀರಿನಲ್ಲೇ ಅವನನ್ನು ಕೆಳಗೆ ತಳ್ಳಿ, ಅದಕ್ಕೆ ಅಂಕವನ್ನೂ ಪಡೆಯುವವರು. ಅನ್ಸೆಲ್ಮೊಗೆ ಮೈಯೆಲ್ಲ ಉರಿಯಿತು. ಇವರಲ್ಲಿ ಒಬ್ಬರೂ ತಪ್ಪು ಮಾತಾಡಿರಲಿಲ್ಲ ಎನ್ನುವುದು ಆ ಉರಿಗೆ ತುಪ್ಪ ಸುರಿಯಿತು.

ಕೈ ಎತ್ತದವರು ಇಬ್ಬರು. ಒಬ್ಬ ನಿದ್ದೆ ಹೋಗಿದ್ದ. ಇನ್ನೊಬ್ಬಳು ಮೂಲೆಯ ಜೋನಲಿನ್ ಫಬೆಲ್ಯಾ. ವರ್ಷಾರಂಭದಿಂದ ಅವಳ ಹೆಸರಿನ ಮುಂದೆ ಎರಡೋ ಮೂರೋ ಗುರುತು ಬಿದ್ದಿರಬೇಕು.

"ಜೋನಲಿನ್, ನೀನು ಕೈ ಎತ್ತಲಿಲ್ಲ."

"ಇಲ್ಲ ಸರ್," ಎಂದಳು ಎದ್ದು ನಿಂತು.

"ಅಂದ್ರೆ ಹಡಗು ಇರ್ಲಿ ಅಂತೀಯಾ?" ತನ್ನ ದನಿಯಲ್ಲಿ ಬೇಡುವವನ ಮೆದುತನ ಕೇಳಿಸಿ ಅವನಿಗೇ ಹೇಸಿಗೆಯಾಯಿತು.

"ಹಾಗೂ ಅಲ್ಲ ಸರ್."

"ಮತ್ತೆ?"

"ಇದು ಎಲ್ಲಿಗೆ ಹೋಗುತ್ತೆ ಸರ್?"

"ಯಾವುದು?"

"ಹಡಗು. ಎಲ್ಲಿಂದ ಹೊರಡುತ್ತೆ, ಎಲ್ಲಿಗೆ ಹೋಗುತ್ತೆ, ಬರೆದೇ ಇಲ್ಲ. ಮೂರು ಸಲ ಓದ್ದೆ. ನಮ್ಮೂರು ರೊಂಬ್ಲೋನು, ದ್ವೀಪ. ನಾವು ಹಡಗಲ್ಲೇ ಓಡಾಡೋರು. ನಮ್ಮ ಕಡೆ ಎಲ್ಲಿಗೆ ಅಂತ ಕೇಳಿದ್ಮೇಲೇನೇ ಎಷ್ಟು ಅಂತ ಕೇಳೋದು."

ಅನ್ಸೆಲ್ಮೊ ಪುಟ ತಿರುವಿದ. ಮೈಲಿಗೆ ಎಷ್ಟು ಎಣ್ಣೆ ಎಂದಿತ್ತು. ದಿನಕ್ಕೆ ಎಷ್ಟು ಮೊಟ್ಟೆ ಬೇಯುತ್ತದೆ ಎಂದು ಕೋಷ್ಟಕವೇ ಇತ್ತು. ಹಾಸಿಗೆ, ಹೊದಿಕೆ, ಬಣ್ಣದ ಖರ್ಚು, ನಾವಿಕರ ವಯಸ್ಸು, ಎಲ್ಲವೂ ಇತ್ತು. ಊರುಗಳ ಹೆಸರನ್ನು ಆಮೇಲೆ ಹಾಕೋಣವೆಂದು ಬಿಟ್ಟಿದ್ದ, ಬಿಟ್ಟೇಬಿಟ್ಟಿದ್ದ. ಮೂರು ವಾರ ಬರೆಯುವಾಗ ಒಮ್ಮೆಯೂ ಅದರ ಅಗತ್ಯ ಬಿದ್ದಿರಲಿಲ್ಲ. ಓದಿದ ಮೂವತ್ತೆಂಟು ಜನರಿಗೂ ಬಿದ್ದಿರಲಿಲ್ಲ.

"ಅದೇನೂ ಅಷ್ಟು ಮುಖ್ಯ ಅಲ್ಲ ಸರ್," ಎಂದ ಕ್ರಿಸ್ಪಿನ್, ಸಹಾಯ ಮಾಡುವವನಂತೆ. "ಎಲ್ಲಿಗೆ ಹೋದ್ರೂ ಲೆಕ್ಕ ಒಂದೇ."

ನಿಜ. ಲೆಕ್ಕ ಒಂದೇ. ಅನ್ಸೆಲ್ಮೊ ಜೋನಲಿನ್ ಕಡೆ ತಿರುಗಿದ. ಏನು ಹೇಳುತ್ತೇನೆಂದು ತಿಳಿಯುವ ಮೊದಲೇ ಹೇಳಿಬಿಟ್ಟಿದ್ದ: "ಕೇಸಲ್ಲಿ ಇಲ್ಲದ್ದನ್ನ ಕೇಳ್ಬೇಡ. ಇರೋದ್ರಲ್ಲೇ ತೀರ್ಮಾನ ಮಾಡೋಕೆ ಕಲಿ. ಇಲ್ಲಾಂದ್ರೆ ಇಲ್ಲಿಗೆ ಯಾಕೆ ಬಂದೆ?"

ಅವಳು ಕೂತಳು. ಹಿಂದಿನ ಸಾಲಿನಿಂದ ಲೂರ್ದೆಸ್ ಕೇಳಿದಳು: "ಸರ್, ಪ್ರಶ್ನೆಗೂ ಗುರುತು ಹಾಕ್ಲಾ?"

"ಬೇಡ."

ಹತ್ತು ಗಂಟೆಯ ತಿಂಡಿಯ ಬಿಡುವಿನಲ್ಲಿ ಕ್ರಿಸ್ಪಿನ್ ಕಾರಿಡಾರಿನಲ್ಲಿ ಹಿಂದೆಯೇ ಬಂದ. ಕೈಯಲ್ಲಿ ಕಾಗದ ಸುತ್ತಿದ ತುರೋನ್. ಬಾಯಲ್ಲೂ ಅದೇ ಬಾಳೆಹಣ್ಣಿನ ಕರಿದ ಚೂರು.

"ಕೇಸು ಚೆನ್ನಾಗಿತ್ತು ಸರ್. ಆದ್ರೆ ವೇಷ ಸ್ವಲ್ಪ ಕಳಚಿತ್ತು."

"ಏನು ವೇಷ?"

"ನಾಲ್ಕನೇ ಪುಟದಲ್ಲಿ ಹಡಗಿನ ಲೈಬ್ರರಿ ಅಂತಿದೆ. ಭಾನುವಾರ ಮುಚ್ಚಿರುತ್ತೆ ಅಂತ ಬೇರೆ ಇದೆ." ನಕ್ಕ. "ನಮ್ಮ ಶಾಲೆ ಅಂತ ಎಲ್ಲರಿಗೂ ಗೊತ್ತಾಯ್ತು ಸರ್. ನಿನ್ನೆ ಸಂಜೇನೇ."

ಅನ್ಸೆಲ್ಮೊ ನಿಂತ. "ಗೊತ್ತಿದ್ದೂ ಕೈ ಎತ್ತಿದ್ರಾ?"

"ಸರಿಯಾದ ಉತ್ತರ ಅದೇ ಅಲ್ವಾ ಸರ್?" ಕ್ರಿಸ್ಪಿನ್‌ಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಆಮೇಲೆ ದನಿ ತಗ್ಗಿಸಿ, ಹಿತವಚನ ಹೇಳುವವನಂತೆ: "ಇನ್ನೊಂದೂ ಇದೆ. ಮುಚ್ಚಿದ್ರೆ ನಮ್ಮದೇ ಕೊನೇ ಬ್ಯಾಚು. ಮತ್ತೆ ಸಿಗದೇ ಇರೋ ವಸ್ತುಗೆ ಬೆಲೆ ಜಾಸ್ತಿ. ನೀವೇ ಕಲಿಸಿದ್ದು."

ಕಪಾಳಕ್ಕೆ ಬಾರಿಸಬೇಕೆನಿಸಿತು. ಯಾರ ಕಪಾಳಕ್ಕೆ ಎನ್ನುವುದು ಸ್ಪಷ್ಟವಾಗಲಿಲ್ಲ. "ಒಳ್ಳೇದು," ಎಂದ.

ತನ್ನನ್ನು ಈ ಎಂಬಿಎ ಎಲ್ಲಿಗೆ ತಲುಪಿಸಿತು? ಕೋಣೆಯ ಬಾಗಿಲು ಹಾಕಿಕೊಂಡು ಕೂತು ಯೋಚಿಸಿದ. ಅಪ್ಪ ಮಲಬೋನಿನಲ್ಲಿ ಮೀನನ್ನು ಉಪ್ಪಿನಲ್ಲಿ ಕೊಳೆಸಿ, ಪಾತಿಸ್ ರಸ ಇಳಿಸಿ, ಸೀಸೆಗೆ ತುಂಬಿ ಮಾರುತ್ತಿದ್ದ. ಇದೇ ಶಾಲೆಯಲ್ಲಿ ಓದುವಾಗ ಅನ್ಸೆಲ್ಮೊ ಅಪ್ಪನ ವ್ಯಾಪಾರಕ್ಕೆ ಐದು ವರ್ಷದ ಯೋಜನೆ ಬರೆದು ಕೊಟ್ಟಿದ್ದ. ಅಪ್ಪ ಕೈ ಒರೆಸಿಕೊಂಡು ಒಂದೊಂದೇ ಹಾಳೆ ತಿರುವಿದ್ದ. ಮುಂದಿನ ಭಾನುವಾರ ಮನೆಗೆ ಹೋದರೆ ಅಪ್ಪ ಆ ಹಾಳೆಗಳನ್ನು ಜಾಡಿಗಳ ಬಾಯಿಗೆ ಕಟ್ಟಿದ್ದ. "ಒಳ್ಳೆ ಗಟ್ಟಿ ಕಾಗದ ಮಗಾ," ಎಂದಿದ್ದ. "ನೊಣ ಒಳಗೆ ಹೋಗಲ್ಲ." ಅದನ್ನು ಅನ್ಸೆಲ್ಮೊ ಇಷ್ಟು ವರ್ಷ ತಮಾಷೆಯ ಕತೆಯಾಗಿ ತರಗತಿಯಲ್ಲಿ ಹೇಳಿದ್ದ. ಇವತ್ತು ನೆನೆದರೆ, ಆ ಕಾಗದದಿಂದ ಯಾರಿಗಾದರೂ ಆದ ಉಪಯೋಗವೆಂದರೆ ಅದೊಂದೇ.

ಹನ್ನೆರಡಕ್ಕೆ ಜೋನಲಿನ್ ಲೈಬ್ರರಿಯ ಕಿಟಕಿಯ ಪಕ್ಕ ಒಬ್ಬಳೇ ಕೂತಿದ್ದಳು. ನೀನು ಕೇಳಿದ್ದೇ ಸರಿ, ಉಳಿದದ್ದೆಲ್ಲ ಸುಳ್ಳು ಎಂದು ಹೇಳಲು ಅನ್ಸೆಲ್ಮೊ ಅವಳ ಮೇಜಿನವರೆಗೆ ಹೋದ. ಅವಳು ತಟ್ಟನೆ ಎದ್ದಳು.

"ತಪ್ಪಾಯ್ತು ಸರ್. ಬೆಳಿಗ್ಗೆ ಸುಮ್ನೆ ಕ್ಲಾಸ್ ಹಾಳು ಮಾಡ್ದೆ."

ಅವನ ನಾಲಿಗೆಯ ತುದಿಯಲ್ಲಿ ಮಾತಿತ್ತು.

"ಪರವಾಗಿಲ್ಲ," ಎಂದ. "ಮುಂದೆ ಹುಷಾರಾಗಿರು."

ಮೂರಕ್ಕೆ ಸಮಿತಿಯ ಕೋಣೆಗೆ ಹೋದರೆ ಡೀನ್ ಮರಿವಿಕ್ ಒಬ್ಬಳೇ ಇದ್ದಳು. ಹದಿನಾರು ವರ್ಷದ ಹಿಂದೆ ಅವಳೂ ಅವನ ತರಗತಿಯಲ್ಲಿ, ಕ್ರಿಸ್ಪಿನ್ ಕೂರುವ ಜಾಗದ ಆಸುಪಾಸಿನಲ್ಲೇ ಕೂರುತ್ತಿದ್ದಳು.

"ಉಳಿದವರು?"

"ಅವರದ್ದು ಆಯ್ತಲ್ಲ ಸರ್. ಸುಮ್ನೆ ಯಾಕೆ ಕರೆಸೋದು ಅಂತ." ಕಾಗದದ ಕಟ್ಟನ್ನು ಅವನತ್ತ ಸರಿಸಿದಳು. "ನಿಮ್ಮ ಕೇಸು ಓದ್ದೆ. ತುಂಬ ಚೆನ್ನಾಗಿದೆ. ಅದನ್ನ ಅನುಬಂಧ ಎರಡು ಅಂತ ಸೇರಿಸಿದೀವಿ."

"ಯಾತಕ್ಕೆ?"

"ಮುಚ್ಚೋ ಪ್ರಸ್ತಾಪಕ್ಕೆ."

ತಿರುವಿ ನೋಡಿದ. ಹತ್ತೊಂಬತ್ತು ಪುಟವೂ ಇತ್ತು. ಕೆಳಗೆ ಓಟಿನ ಸಂಖ್ಯೆಯನ್ನು ಅಚ್ಚುಕಟ್ಟಾಗಿ ಟೈಪು ಮಾಡಿದ್ದರು. ಬೆಳಗಿನ ಓಟು ಮಧ್ಯಾಹ್ನದ ಹೊತ್ತಿಗೆ ಇಲ್ಲಿಗೆ ಬಂದು ಕೂತಿತ್ತು.

"ಇದನ್ನ ಉಳಿಸೋಕೆ ಬರೆದಿದ್ದು ಮರಿವಿಕ್."

"ಹೌದಾ?" ಅವಳು ಮರ್ಯಾದೆಗಾಗಿ ಒಂದು ಕ್ಷಣ ಯೋಚಿಸಿದಳು. "ಹಾಗೇನೂ ಕಾಣಿಸಲಿಲ್ಲ ಸರ್."

"ನಾನು ಸಹಿ ಹಾಕದಿದ್ರೆ?"

"ನಿಮ್ಮಿಷ್ಟ. ಯಾಕೆ ಅಂತ ಎರಡು ಸಾಲು ಬರೆದುಕೊಡಿ, ಸಾಕು. ನಾನೇ ಆಡಳಿತ ಮಂಡಳಿಗೆ ಓದಿ ಹೇಳ್ತೀನಿ."

ಎರಡು ಸಾಲು. ಅನ್ಸೆಲ್ಮೊ ಪೆನ್ನು ತೆಗೆದ. ಪೆನ್ನಿನ ಮುಚ್ಚಳವನ್ನು ಹಾಕಿದ, ತೆಗೆದ, ಹಾಕಿದ. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ ಎನ್ನುತ್ತಾರೆ. ಇಲ್ಲಿ ಕೇಳಿದ್ದರು, ಗೌರವದಿಂದಲೇ ಕೇಳಿದ್ದರು. ಕೋಳಿಗೇ ಉತ್ತರ ತಿಳಿಯದು.

"ಐದು ಗಂಟೆವರೆಗೆ ಟೈಮ್ ಕೊಡು."

"ಖಂಡಿತ ತಗೊಳ್ಳಿ ಸರ್." ಅವಳಿಗೆ ಬೇಸರವೇ ಆಗಿರಲಿಲ್ಲ. "ಅಷ್ಟರಲ್ಲಿ ಒಂದು ಹತ್ತು ನಿಮಿಷ ನಿಮ್ಮ ಕ್ಲಾಸಿಗೆ ಹೋಗಿ ಬನ್ನಿ. ಆರು ವಾರದ ಕೋರ್ಸಿನ ಜಾಹೀರಾತಿಗೆ ಶೂಟಿಂಗ್ ಇದೆ. ಮುಖ ನಿಮ್ದೇ ಇರ್ಲಿ ಅಂತ ಎಲ್ಲರೂ ಅಂದ್ರು. ಹುಡುಗರಿಗೆ ನಿಮ್ಮನ್ನ ಕಂಡ್ರೆ ನಂಬಿಕೆ."

ಆಗುವುದಿಲ್ಲ ಎನ್ನಬೇಕಿತ್ತು. ಕಾಗದದ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಾಲ್ಕನೆಯ ಮಹಡಿಗೆ ಇಳಿದ.

ತರಗತಿಯಲ್ಲಿ ಯಾರೂ ಇರಲಿಲ್ಲ. ಎರಡು ದೀಪದ ಕಂಬ, ಒಂದು ಕ್ಯಾಮೆರಾ, ಅದರ ಹಿಂದೆ ನಡುವಯಸ್ಸಿನ ಒಬ್ಬ. ಅನ್ಸೆಲ್ಮೊನ ಮೂಗಿನ ಮೇಲೆ ಒಂದಿಷ್ಟು ಪೌಡರು ಒತ್ತಿ, ಕಂಕುಳಿನ ಕಟ್ಟನ್ನು ತೆಗೆದು ಪಕ್ಕಕ್ಕಿಟ್ಟು, ಬೋರ್ಡಿನ ಮುಂದೆ ನಿಲ್ಲಿಸಿದ.

"ಪಾಠ ಮಾಡ್ತಿರೋ ಹಾಗೆ ಮಾತಾಡಿ ಸರ್."

"ಏನು ಮಾತಾಡ್ಲಿ?"

"ಏನಾದ್ರೂ. ಧ್ವನಿ ತಗೊಳ್ತಿಲ್ಲ. ಮೇಲೆ ಸಂಗೀತ ಕೂರಿಸ್ತೀವಿ. ತುಟಿ ಅಲ್ಲಾಡಿದ್ರೆ ಸಾಕು."

ದೀಪ ಹೊತ್ತಿತು. ಅನ್ಸೆಲ್ಮೊ ಖಾಲಿ ಸಾಲುಗಳಿಗೆ ಶುಭೋದಯ ಹೇಳಿದ. ಇವತ್ತಿನ ವಿಷಯ ಎಂದ. ಮತ್ತೊಮ್ಮೆ ಇವತ್ತಿನ ವಿಷಯ ಎಂದ.

"ಸ್ವಲ್ಪ ಸಪ್ಪೆ ಆಯ್ತು ಸರ್. ಇನ್ನೊಂಚೂರು ಆವೇಶ ಇರ್ಲಿ."

"ನನಗೆ ಗೊತ್ತಿಲ್ಲ," ಎಂದ ಅನ್ಸೆಲ್ಮೊ.

"ಹಾಂ, ಹಾಗೆ."

"ನನಗೆ ಗೊತ್ತಿಲ್ಲ. ಇಪ್ಪತ್ತೆರಡು ವರ್ಷದಿಂದ ಗೊತ್ತಿಲ್ಲ. ಬೇರೆಯವರ ಮನೆ ಮುಚ್ಚೋದನ್ನ ಕಲಿಸಿದೆ. ಬಾಯಿ ಜೋರಿದ್ದವರಿಗೆ ಅಂಕ ಕೊಟ್ಟೆ. ಒಬ್ಬಳು ಬಾಯಿಬಿಟ್ಟು ನಿಜ ಕೇಳಿದ್ರೆ ಬಾಯಿ ಮುಚ್ಚಿಸಿದೆ. ನೀವೆಲ್ಲ ಕಳ್ಳರು, ನಿಮ್ಮನ್ನ ತಯಾರು ಮಾಡಿದ ಕಳ್ಳ ನಾನು. ಕೇಳಿಸ್ತಾ ಇದೆಯಾ?" ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ. ಕತ್ತಿನ ನರ ಉಬ್ಬಿತ್ತು, ಕಣ್ಣಲ್ಲಿ ನೀರು ಬಂದಿತ್ತು. ಹುಟ್ಟಿದಾಗಿನಿಂದ ಇಷ್ಟು ಚೆನ್ನಾಗಿ ಪಾಠ ಮಾಡಿರಲಿಲ್ಲ ಎನಿಸಿತು.

ಕ್ಯಾಮೆರಾದವನು ಹೆಬ್ಬೆರಳು ತೋರಿಸಿದ.

"ತುಂಬ ಚೆನ್ನಾಗಿ ಬಂತು ಸರ್. ಇನ್ನೊಂದು ಸಲ ತಗೊಂಡುಬಿಡೋಣ. ಈ ಸಲ ಅಲ್ಲಿ ಯಾರೋ ಕೂತಿದಾರೆ ಅಂದ್ಕೊಳ್ಳಿ. ಅವರನ್ನ ನೋಡ್ತಾ ಹೇಳಿ."

ಅನ್ಸೆಲ್ಮೊ ಕಣ್ಣೊರೆಸಿಕೊಂಡ. ನಾಲ್ಕನೆಯ ಸಾಲಿನಲ್ಲಿ ಒಂದು ಕುರ್ಚಿಯನ್ನು ಆರಿಸಿಕೊಂಡ. ಅದರತ್ತ ಬೆರಳು ಚಾಚಿ ಮತ್ತೆ ಮೊದಲಿನಿಂದ ಕೂಗತೊಡಗಿದ.