ಎತ್ತಿದ ಭುಜದ ಯಥಾಪ್ರತಿ

ಆ ಬೀದಿಯಲ್ಲಿ ಪಿಯಾನೊ ಟೀಚರ್ ಮನೆ ಯಾವುದೆಂದು ಕೇಳಿದರೆ ಅರ್ಧ ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಭುಜದ ಟೀಚರ್ ಎಂದರೆ ಬಾಗಿಲವರೆಗೆ ತಂದು ಬಿಡುತ್ತಿದ್ದರು. ಪಾಠ ಶುರುವಾದರೆ ಸಾಕು, ಕಿಟಕಿಯಿಂದ ಅದೇ ಕೂಗು: "ಭುಜ ಕೆಳಗೆ! ಮಣಿಕಟ್ಟು ಸಡಿಲ! ಉಸಿರಾಡು ಮಾರಾಯ, ಅದಕ್ಕೆ ಬೇರೆ ಫೀಸಿಲ್ಲ!" ಸ್ಟೂಲು ಒಂದು ಬೆರಳು ಎತ್ತರವಾದರೂ ಪಾಠ ಮುಂದೆ ಹೋಗುತ್ತಿರಲಿಲ್ಲ. ನೋವು ಬಂದ ಮೇಲೆ ಜಾಣರಾಗುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

ಅವಳ ಸ್ವಂತ ಸಮಾಚಾರ ಕೇಳಿದರೆ, ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಬಲಗೈ ಮೊಣಕೈಯಿಂದ ಕತ್ತಿನವರೆಗೆ ತಿಂಗಳುಗಟ್ಟಲೆಯಿಂದ ಉರಿಯುತ್ತಿತ್ತು. ಹಾಲಿನ ಪಾತ್ರೆಯನ್ನು ಎಡಗೈಯಲ್ಲಿ ಇಳಿಸುತ್ತಿದ್ದಳು. ಬಾಟಲಿಯ ಮುಚ್ಚಳವನ್ನು "ನೀವೇ ಬಿಗಿ ಮಾಡಿದ್ದು, ನೀವೇ ತೆಗೀರಿ" ಎಂದು ಗಂಡನಿಗೆ ದಾಟಿಸುತ್ತಿದ್ದಳು. ಅವನೋ, ಬೆಳಿಗ್ಗೆಯೇ ಜಗಳ ಯಾಕೆಂದು ತೆಗೆದುಕೊಡುತ್ತಿದ್ದ. ಮುಂದಿನ ತಿಂಗಳು ಪುರಭವನದಲ್ಲಿ ಅವಳೊಬ್ಬಳದೇ ಕಾರ್ಯಕ್ರಮ, ಮಗಳು ಹುಟ್ಟಿದ ಮೇಲೆ ಮೊದಲನೆಯದು. ಈಗ ನಿಲ್ಲಿಸಿದರೆ ಬೆರಳುಗಳು ಮತ್ತೆಂದೂ ತನ್ನ ಮಾತು ಕೇಳಲಾರವೆಂದು ಅವಳಿಗೆ ಭಯ. ಡಾಕ್ಟರ ಹತ್ತಿರ ಹೋದರೆ ನಿಲ್ಲಿಸು ಎನ್ನುತ್ತಾರೆ, ಆದ್ದರಿಂದ ಡಾಕ್ಟರೇ ಬೇಡ!

ಅವಳ ವಿದ್ಯಾರ್ಥಿಗಳಲ್ಲಿ ಎಲ್ಲರಿಗಿಂತ ಹಿರಿಯರು ಸ್ವಂತ ಮಾವ. ಕೋರ್ಟಿನ ನಕಲು ವಿಭಾಗದಲ್ಲಿ ಕೂದಲು ಹಣ್ಣಾಗಿಸಿಕೊಂಡವರು. ಮೂಲದಲ್ಲಿ ಕಾಗುಣಿತ ತಪ್ಪಿದ್ದರೆ ನಕಲಿನಲ್ಲೂ ತಪ್ಪಬೇಕು, ತಿದ್ದುವುದಕ್ಕೆ ನಾವ್ಯಾರು ಎಂಬುದು ಅವರ ನಿಷ್ಠೆ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ ಪಿಯಾನೊಗೆ ಗಂಟುಬಿದ್ದಿದ್ದರು. ಸೊಸೆ ನುಡಿಸಿ ತೋರಿಸುವಾಗ ಕನ್ನಡಕ ಒರೆಸಿಕೊಂಡು ನೋಡುವರು. ಆಮೇಲೆ ಒಬ್ಬರೇ ಕೂತು ಸಾಧನೆ ಮಾಡುವರು.

ಅಂದು ಬೆಳಿಗ್ಗೆ ಅವರು ಪಾಠ ಒಪ್ಪಿಸುತ್ತಿದ್ದರು. ಬಲಗೈ ಸರಸರನೆ ಮೇಲೇರುವ ಕಡೆ ಬರುತ್ತಲೇ ಬಲಭುಜ ಕಿವಿಗೆ ತಾಗುವಷ್ಟು ಮೇಲೆದ್ದಿತು. ಹಲ್ಲು ಕಚ್ಚಿದರು, ಉಸಿರು ಕಟ್ಟಿದರು, ಮುಖ ಕೆಂಪಾಯಿತು. ಸ್ವರ ಮುಗಿದದ್ದೇ "ಉಸ್ಸಪ್ಪಾ" ಎಂದರು.

"ಮಾವ! ಭುಜ ಯಾಕೆ ಎತ್ತಿದ್ರಿ?"

"ಅಲ್ಲಿ ಎತ್ತಬೇಕಲ್ಲಮ್ಮ."

"ಯಾರು ಹೇಳಿದ್ದು ನಿಮಗೆ?"

"ಹೇಳೋದೇನು, ನೀನು ನುಡಿಸೋವಾಗ ನೋಡ್ಲಿಲ್ವಾ ನಾನು? ಬೇರೆ ಕಡೆಯೆಲ್ಲ ಭುಜ ಕೆಳಗೆ, ಅಲ್ಲಿ ಮಾತ್ರ ಮೇಲೆ. ಹಲ್ಲು ಕಚ್ಚಬೇಕು, ಉಸಿರೂ ಕಟ್ಟಬೇಕು. ಸ್ವರಕ್ಕಿಂತ ಅದೇ ಕಷ್ಟ ಆಯ್ತಮ್ಮ ನನಗೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಮಾವನೂ ನಕ್ಕರು. ನಗುತ್ತಲೇ ಕತ್ತಿನ ಬುಡವನ್ನು ಒತ್ತಿಕೊಂಡರು. "ಒಂದೇ ತೊಂದರೆ ನೋಡು. ಇಲ್ಲಿಂದ ಮೊಣಕೈ ತನಕ ಉರಿ. ಅದೂ ಪಾಠದಲ್ಲೇ ಸೇರಿರಬೇಕು ಅಂತ ಸುಮ್ನಿದ್ದೆ."

ಅವಳ ನಗು ಅಲ್ಲೇ ನಿಂತಿತು. ಅದು ಅವಳದೇ ನೋವು. ಕೈಹಿಡಿದು ಕಲಿಸಿದಂತೆ ಈ ಮುದುಕರಿಗೆ ಅದನ್ನೂ ಕಲಿಸಿಬಿಟ್ಟಿದ್ದಳು. ನಾಚಿಕೆಯಾಯಿತು, ಅವರ ಮೇಲೆ ಕರುಳು ಚುರುಕ್ಕೆಂದಿತು. ಬೇರೆ ವಿದ್ಯಾರ್ಥಿಗಳ ಭುಜಗಳೂ ಕಣ್ಣ ಮುಂದೆ ಸಾಲಾಗಿ ಬಂದವು.

"ಇವತ್ತಿಂದಲೇ ನಿಲ್ಲಿಸಿ, ಮಾವ. ನೋವು ಪೂರ್ತಿ ಹೋಗೋ ತನಕ ಮುಟ್ಟಬೇಡಿ."

"ಕಲಿತದ್ದೆಲ್ಲ ಮರೆತುಹೋಗಲ್ವೇನಮ್ಮ?"

"ಎಲ್ಲಿ ಹೋಗ್ತದೆ? ಬೆರಳು ಅಷ್ಟು ಸುಲಭಕ್ಕೆ ಮರೆಯಲ್ಲ. ನೋವಲ್ಲೇ ನುಡಿಸಿದ್ರೆ ಕೈಯೇ ಹೋಗ್ತದೆ."

ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ಮಾವ ಕನ್ನಡಕದ ಮೇಲಿಂದ ನೋಡಿದರು. ಅವಳು ತನ್ನ ಬಲಮೊಣಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು, ಅದು ಅವಳಿಗೇ ಗೊತ್ತಿರಲಿಲ್ಲ.

"ನಿನಗೂ ಅಲ್ಲೇನಾ?" ಎಂದರು, ಮೆಲ್ಲಗೆ.

ಅವಳು ಹೌದೆಂದು ತಲೆಯಾಡಿಸಿದಳು. ಕಣ್ಣು ತುಂಬಿ ಬಂತು.

"ಮತ್ತೆ ನನ್ನೊಬ್ಬನ್ನೇ ನಿಲ್ಲಿಸ್ತೀಯಲ್ಲ! ಮೂಲ ಹಾಗೇ ಇಟ್ಕೊಂಡು ನಕಲು ತಿದ್ದಿದ್ರೆ ಏನು ಬಂತು?" ಎಂದು ಗದರಿಸಿ, ಎದ್ದುಹೋಗಿ ಫೋನು ತಂದು ಅವಳ ಮುಂದಿಟ್ಟರು.

ಪುರಭವನದ ಕಾರ್ಯದರ್ಶಿ ಮೊದಲ ರಿಂಗಿಗೇ ಫೋನೆತ್ತಿದರು. ಜಾಹೀರಾತು ಅಚ್ಚಿಗೆ ಹೊರಟಿದೆ, ಫೋಟೊ ಚೆನ್ನಾಗಿ ಬಂದಿದೆ ಎಂದು ಅವರದೇ ಸಂಭ್ರಮ. ಅವಳು ಅವರ ಮಾತು ಮುಗಿಯುವವರೆಗೆ ಕಾದಳು.

"ಸರ್, ನನಗೆ ಕೈ ನೋವು," ಎಂದಳು. "ತುಂಬ ದಿನದಿಂದ. ಈ ಸಲ ನುಡಿಸೋಕೆ ಆಗಲ್ಲ."

ಕಾರ್ಯದರ್ಶಿ ದನಿ ತಗ್ಗಿಸಿ, ಯಾವ ಡಾಕ್ಟರಿಗೆ ತೋರಿಸುತ್ತಿದ್ದೀರಿ ಎಂದು ಕೇಳಿದರು. ಅವಳು ಮಾವನ ಕಡೆ ನೋಡಿದಳು. ಅವರು ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.