ಗೌನಿನ ಲಾಡಿಗೆ ಹಾಕಿದ ಹೊಲಿಗೆ

ಹೃದಯಾಘಾತವಾಗಿ ಆರು ದಿನ ಕಳೆದಿತ್ತು. ಆದರೂ ಅಪ್ಪನ ಕೈ ಸುಮ್ಮನಿರುತ್ತಿರಲಿಲ್ಲ. ನಲವತ್ತು ವರ್ಷ ಅಂಗಿ ಹೊಲಿದ ಟೈಲರನ ಕೈ ಅದು. ಸ್ಕ್ಯಾನಿಂಗ್ ಕೋಣೆಯ ಹೊರಗೆ ಕೂತು ಆಸ್ಪತ್ರೆಯ ಗೌನನ್ನು ಎಳೆದೆಳೆದು ನೋಡುತ್ತಿದ್ದ.

“ಇದನ್ನ ಹೊಲಿದವನಿಗೆ ಕಣ್ಣಿತ್ತೋ ಇಲ್ಲವೋ! ಲಾಡಿ ಆಗಲೇ ಕಿತ್ಕೊಂಡು ಬರ್ತಿದೆ.”

“ಸುಮ್ನಿರಪ್ಪಾ, ಸಾಕು” ಎಂದು ಗದರಿ, ಮಗಳು ತನ್ನ ಚೀಲವನ್ನು ಅವನ ಪಕ್ಕದಲ್ಲಿಟ್ಟು ಫಾರಂಗೆ ಸಹಿ ಹಾಕಲು ಕೌಂಟರಿಗೆ ಹೋದಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಅಪ್ಪನ ಅಂಗಡಿಯಲ್ಲಿ ಗುಂಡಿ ಹಾಕಲು ಕೂತವಳು. ಹೊರಗಿನವರ ಮುಂದೆ ಅವಳ ಬಾಯಿಗೆ ಬೀಗ, ಕಣ್ಣಿಗಿಲ್ಲ.

ಡಾಕ್ಟರಮ್ಮನ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಹೃದಯದ ತುದಿ ಸರಿಯಾಗಿ ಬಡಿಯುತ್ತಿಲ್ಲ. ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಎಕೋದಲ್ಲಿ ಎಲ್ಲಾ ಮಸುಕು. ಆ ಹೆಪ್ಪು ಕಳಚಿ ಮೆದುಳಿಗೆ ಹೋದರೆ ಲಕ್ವ. ಎಂಆರ್‌ಐಯಲ್ಲಿ ಕಂಡರೆ ಇವತ್ತೇ ಔಷಧಿ ಶುರು.

ಅವಳು ವಾಪಸ್ ಬರುವಷ್ಟರಲ್ಲಿ ಟೆಕ್ನೀಷಿಯನ್ ಬಾಗಿಲಲ್ಲಿ ನಿಂತಿದ್ದ. “ಯಜಮಾನ್ರೇ, ಒಳಗಿರೋದು ದೊಡ್ಡ ಅಯಸ್ಕಾಂತ. ಮೈಮೇಲೆ ಲೋಹ ಏನಾದ್ರೂ?”

“ಏನೂ ಇಲ್ಲಪ್ಪ.”

ಲೋಹ ಪತ್ತೆ ಮಾಡುವ ಕೋಲು ಕೀಂ ಎಂದಿತು. ಅಪ್ಪನ ನಡುಬೆರಳಲ್ಲಿ, ಸೂಜಿ ಚುಚ್ಚದಿರಲೆಂದು ಹಾಕುವ ತಗಡಿನ ಟೊಪ್ಪಿ!

“ಇದೇನ್ರೀ?”

“ಅಯ್ಯೋ, ಇದೂ ನನ್ನ ಬೆರಳೇ ಅಂದ್ಕೊಂಡಿದ್ದೆ.”

ಅದನ್ನು ಕಳಚಿಟ್ಟರು. ಕೋಲು ಸೊಂಟದ ಬಳಿ ಮತ್ತೆ ಕೀಂ.

“ಏನು ನುಂಗಿದ್ದೀರಿ?”

“ನೀವೇ ಕೊಟ್ಟ ಹದಿಮೂರು ಮಾತ್ರೆ.”

ಮೂರನೇ ಸಲವೂ ಕೀಂ. ಟೆಕ್ನೀಷಿಯನ್ ಫೈಲು ಪಟ್ಟಂತ ಮುಚ್ಚಿದ. “ನಿಮ್ಮ ಹಿಂದೆ ಒಂಬತ್ತು ಜನ ಕಾಯ್ತಿದ್ದಾರೆ. ಮಂಗಳವಾರ ಬನ್ನಿ.”

ಮಂಗಳವಾರಕ್ಕೆ ಇನ್ನೂ ನಾಲ್ಕು ದಿನ. ಆಗಲೇ ಮಗಳ ಕಣ್ಣಿಗೆ ಬಿತ್ತು: ಕಿತ್ತುಬರುತ್ತಿದ್ದ ಲಾಡಿ ಈಗ ಗಟ್ಟಿಯಾಗಿ ಕೂತಿದೆ. ನೀಲಿ ದಾರ. ಅವಳ ಚೀಲದಲ್ಲಿದ್ದ ದಾರ! ಹೊಲಿಗೆ ಮುಗಿದ ಮೇಲೆ ಸೂಜಿಯನ್ನು ಮೈಮೇಲಿನ ಬಟ್ಟೆಗೇ ಚುಚ್ಚಿಕೊಳ್ಳುವುದು ಅಪ್ಪನ ಹಳೇ ಚಾಳಿ.

“ಸ...ಸಾರ್” ಎಂದಳು. ಅವನಿಗೆ ಕೇಳಿಸಲಿಲ್ಲ. ಅವನು ಮುಂದಿನವರ ಹೆಸರು ಕರೆಯಲು ಬಾಯಿ ತೆರೆದ.

“ಸಾರ್, ನಿಲ್ಲಿ! ಸೂಜಿ ಇದೆ!”

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಆದರೂ ಅವಳು ಹೋಗಿ ಗೌನಿನ ಮಡಿಕೆಯಿಂದ ಸೂಜಿ ಎಳೆದಳು.

“ಕೊಲ್ತೀಯಪ್ಪಾ ನನ್ನ!”

“ಹಿಂದೆಲ್ಲಾ ತೆರ್ಕೊಂಡು ಹೋಗ್ಲಾ ಹಂಗಾದ್ರೆ?”

ಈ ಸಲ ಕೋಲು ಕೂಗಲಿಲ್ಲ. ಅಪ್ಪನ ಹಿಂದೆ ಎರಡು ಹೆಜ್ಜೆ ಇಟ್ಟ ಅವಳನ್ನು ಟೆಕ್ನೀಷಿಯನ್ ತಡೆದ. “ಆ ಸೂಜಿ ಎಲ್ಲಮ್ಮಾ?”

ಅವಳು ಕೈ ನೋಡಿಕೊಂಡಳು. ಖಾಲಿ. ಸೂಜಿ ಅವಳದೇ ಭುಜದ ಮೇಲಿನ ಬಟ್ಟೆಗೆ ಚುಚ್ಚಿಕೊಂಡಿತ್ತು.

“ವಂಶಪಾರಂಪರ್ಯವಾ ಇದು?” ಎಂದು ಅವನು ಹಣೆ ಚಚ್ಚಿಕೊಂಡ.

ಸಂಜೆ ಡಾಕ್ಟರಮ್ಮ ಚಿತ್ರ ತೋರಿಸಿದರು. ಹೃದಯದ ತುದಿಯಲ್ಲಿ ಅಂಗಿಗುಂಡಿಯಷ್ಟು ಕಪ್ಪು. ಹೆಪ್ಪೇ. ಇನ್ನೂ ಅಲ್ಲೇ ಇದೆ, ಎಲ್ಲೂ ಹೋಗಿಲ್ಲ. ರಕ್ತ ತೆಳುವಾಗಿಸುವ ಔಷಧಿ ಈಗಲೇ ಶುರು. ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್.

“ಹುಷಾರು, ಸೂಜಿ ಚುಚ್ಚಿದ್ರೂ ರಕ್ತ ಬೇಗ ನಿಲ್ಲಲ್ಲ” ಎಂದರು.

ಅಪ್ಪ ಮಗಳ ಮುಂದೆ ನಡುಬೆರಳು ಚಾಚಿದ. “ಕೇಳಿಸ್ತಲ್ಲ? ಎಲ್ಲಿ ನನ್ನ ಟೊಪ್ಪಿ, ಕೊಡು.”