ಬಾನೆಟ್ಟಿನೊಳಗಿನ ಹೆಂಗಸು

"ಮುಚ್ಚೇ ಬಾಯಿ, ಕುಳ್ಳಿ. ಇಂಜಿನ್ ಇಲ್ಲ ಅಂತ ಇನ್ನೊಂದ್ಸಲ ಅಂದ್ರೆ ನಿನ್ನನ್ನೇ ಅದರೊಳಗೆ ತುರುಕ್ತೀನಿ."

ಕಾರು ಕಾರ್ಖಾನೆಯ ಮೇಲ್ವಿಚಾರಕ ಸಿಟ್ಟಿನಲ್ಲಿ ಅಂದ ಮಾತು. ಆದರೆ ಅಂದ ಮೇಲೆ ಅವನಿಗೇ ಅದು ಒಳ್ಳೆಯ ಉಪಾಯವೆನ್ನಿಸಿತು.

ದೇಶದ ಮೊಟ್ಟಮೊದಲ ಸ್ವಂತ ಕಾರು ಅಂದು ಹನ್ನೊಂದು ಗಂಟೆಗೆ ಬಿಡುಗಡೆಯಾಗಬೇಕಿತ್ತು. ಬಣ್ಣ ಬಂದಿತ್ತು, ಬಾವುಟ ಬಂದಿತ್ತು, ಮಂತ್ರಿಗಳೂ ಮನೆ ಬಿಟ್ಟಾಗಿತ್ತು. ಹೊರದೇಶದಿಂದ ಬರಬೇಕಿದ್ದ ಇಂಜಿನ್ ಮಾತ್ರ ಬಂದಿರಲಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದರೆ ಕಾರು ತಾನಾಗಿ ಉರುಳೀತು, ಸದ್ದು ಮಾಡುವವರು ಯಾರು? ಕುಳ್ಳಿ ಎಂಟು ವರ್ಷದಿಂದ ಅಲ್ಲಿ ಉಪ್ಪುಕಾಗದ ಹಿಡಿದು ತಗಡು ಉಜ್ಜುತ್ತಿದ್ದವಳು. ಆಳು ಮೊಳದುದ್ದ, ಗಂಟಲು ಊರಗಲ.

ಬಾನೆಟ್ಟಿನೊಳಗೆ ಕೂತು ಸದ್ದು ಮಾಡಲು ಅವಳು ಒಂದೇ ಒಂದು ಕೇಳಿದಳು: ಹೆಂಗಸರ ಕಕ್ಕಸಿನ ಬೀಗ ತೆಗೆಸಬೇಕು. ಎರಡು ವರ್ಷದಿಂದ ಅದರೊಳಗೆ ಈ ಕಾರಿನ ಜಾಹೀರಾತು ಹಲಗೆಗಳನ್ನು ಪೇರಿಸಿಟ್ಟಿದ್ದರು. ನಲವತ್ತು ಹೆಂಗಸರು ಸಂಜೆತನಕ ಹೊಟ್ಟೆ ಹಿಡಿದುಕೊಂಡೇ ದುಡಿಯುತ್ತಿದ್ದರು.

"ಮೊದಲು ಕಾರು ಓಡ್ಲಿ. ನಿಮ್ಮ ಉಚ್ಚೆ ಆಮೇಲೆ," ಅಂದ ಮೇಲ್ವಿಚಾರಕ.

ಸೀಟು ಹೊಲಿಯುವ ಅವಳ ಅಕ್ಕನೇ ಗೋಣಿಚೀಲ ಹಾಸಿ, ಅವಳನ್ನು ಮಡಚಿ ಕೂರಿಸಿ, ಸ್ಟೀರಿಂಗಿನ ಒತ್ತುಗುಂಡಿಯಿಂದ ಬಂದ ದಾರವನ್ನು ಅವಳ ಕಾಲಿನ ಹೆಬ್ಬೆರಳಿಗೆ ಕಟ್ಟಿದಳು. ದಾರ ಎಳೆದಾಗೆಲ್ಲ ಅವಳೇ ಹಾರ್ನ್ ಆಗಬೇಕು.

ಮಂತ್ರಿಗಳು ಕಾರು ಹತ್ತಿ ಬೀಗದ ಕೈ ತಿರುಗಿಸಿದರು. ಕುಳ್ಳಿ ಗುರ್ರೆಂದಳು. ಕಾರು ಉರುಳಿತು, ಚಪ್ಪಾಳೆ ಬಿತ್ತು, ಇಳಿಜಾರಿನ ಕೊನೆಯಲ್ಲಿ ನಿಂತಿತು. ಮಂತ್ರಿಗಳು ಹಾರ್ನ್ ಒತ್ತಿದರು. ಪೀಂ. ಪೀಪಿ ಸಿಕ್ಕ ಮಗುವಿನಂತೆ ಒತ್ತುತ್ತಲೇ ಹೋದರು. ಎಂಥ ಇಂಪು, ನಮ್ಮ ಮಣ್ಣಿನದೇ ದನಿ ಎಂದು ಕಿಟಕಿಯಿಂದ ಹೊಗಳಿದರು. ಇಪ್ಪತ್ತರ ತನಕ ಕುಳ್ಳಿ ತಡೆದುಕೊಂಡಳು. ಮುಂದಿನದಕ್ಕೆ ಹೆಬ್ಬೆರಳು ಕಿತ್ತುಬರುವಂತೆ ದಾರ ಎಳೆಯಿತು.

"ಸಾಕು ಬಿಡೋ ನನ್ಮಗನೆ," ಅಂದಿತು ಕಾರು. "ನಂಗೆ ಉಚ್ಚೆ ಬಂದಿದೆ."

ಮೇಲ್ವಿಚಾರಕ ಮೈಕು ಕಸಿದುಕೊಂಡು, ಇದು ಮಾತಾಡುವ ಕಾರು, ಲೋಕದಲ್ಲೇ ಮೊದಲನೆಯದು ಎಂದು ತೊದಲಿದ. ಅಷ್ಟರಲ್ಲಿ ಕುಳ್ಳಿ ಬೆನ್ನಿನಿಂದ ಬಾನೆಟ್ಟನ್ನು ಎತ್ತಿ, ಕಾಲಿಗೆ ದಾರ ನೇತುಹಾಕಿಕೊಂಡೇ ಹೊರಗೆ ಹಾರಿದಳು. ಪತ್ರಿಕೆಯವರು ಇಂಜಿನ್ ಇರಬೇಕಾದ ಕಡೆ ಗೋಣಿಚೀಲದ ಫೋಟೊ ತೆಗೆದರು. ಸ್ವಂತ ಕಾರಿನ ಕಥೆ ಅಲ್ಲಿಗೆ ಮುಗಿಯಿತು.

ಕುಳ್ಳಿ ಅತಿಥಿಗಳ ನಡುವೆಯೇ ಹಾದು, ಅಧಿಕಾರಿಗಳ ಕಕ್ಕಸಿಗೆ ನುಗ್ಗಿ ಚಿಲಕ ಹಾಕಿಕೊಂಡಳು. ಹಿಂದೆಯೇ ಅಕ್ಕ ಬಂದು ಬಾಗಿಲಲ್ಲಿ ನಿಂತಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಎಲ್ಲರನ್ನೂ ಕೆಲಸದಿಂದ ಕಿತ್ತುಹಾಕ್ತೀನಿ ಎಂದು ಮೇಲ್ವಿಚಾರಕ ಕೂಗಾಡಿದ. ಒಬ್ಬಳೂ ಕದಲಲಿಲ್ಲ.

ಗಾಬರಿಗೋ ಏನೋ, ಮಂತ್ರಿಗಳಿಗೂ ಅವಸರವಾಯಿತು. ದಾರಿ ಬಿಡಿ ಎಂದು ಮೇಲ್ವಿಚಾರಕ ಗದರಿದರೆ, ಅಕ್ಕ ತಿರುಗಿಯೂ ನೋಡಲಿಲ್ಲ.

"ಹಿಂದೆ ನಿಂತ್ಕೊಳ್ಳಿ ಸ್ವಾಮಿ," ಅಂದಳು. "ನಾವು ಎರಡು ವರ್ಷ ತಡ್ಕೊಂಡಿದೀವಿ."

ಮಂತ್ರಿಗಳು ಕಾಲು ಕೂಡಿಸಿಕೊಂಡು ಸಾಲಿನ ಕೊನೆಗೆ ಹೋದರು. ಒಳಗೆ ಕುಳ್ಳಿ ಅಧಿಕಾರಿಗಳ ಸೋಪಿನಲ್ಲಿ, ಮೊಣಕೈತನಕ, ನಿಧಾನವಾಗಿ ಕೈ ತೊಳೆಯುತ್ತಿದ್ದಳು.